ಕಾಳಜಿ ಕೇಂದ್ರದಲ್ಲಿ ಕಣ್ಣು ಮುಚ್ಚಿಸಬೇಡಿ

ಪ್ರಶ್ನೆ: ನಾವು ಉತ್ತರ ಕನ್ನಡ ಜಿಲ್ಲೆಯ ಒಂದು ಹಳ್ಳಿಯ ಯುವಕ ಮಂಡಲದವರು. ಕಳೆದ ಮಳೆಗಾಲದಲ್ಲಿ ನೆರೆ ಬಂದಾಗ ಸುಮಾರು 60 ಮನೆಯವರು ಶಾಲೆಯ ಕಾಳಜಿ ಕೇಂದ್ರದಲ್ಲಿದ್ದರು. ನಾಲ್ಕನೇ ದಿನ ನಾವು ಅಲ್ಲಿ ‘ಒತ್ತಡ ನಿವಾರಣೆ ಮತ್ತು ಮಾನವೀಯ ಮೌಲ್ಯ’ ಅಂತ ಒಂದು ಗಂಟೆಯ ಶಿಬಿರ ಇಟ್ಟೆವು. ಅರ್ಧ ಗಂಟೆ ಪ್ರಾಣಾಯಾಮ, ಧ್ಯಾನ. ಆಮೇಲೆ ನಿವೃತ್ತ ಮೇಷ್ಟ್ರೊಬ್ಬರಿಂದ ತಾಳ್ಮೆ, ಸಹಬಾಳ್ವೆ ಬಗ್ಗೆ ಮಾತು. ಕಣ್ಣು ಮುಚ್ಚಿ ಉಸಿರು ಹಿಡಿಯಿರಿ ಅಂದ ಸ್ವಲ್ಪ ಹೊತ್ತಿಗೇ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಎದ್ದು ಹೊರಗೆ ಓಡಿದರು. ಒಬ್ಬ ಅಜ್ಜ, “ಉಸಿರಾಡೋದನ್ನೂ ನೀವೇ ಕಲಿಸ್ಬೇಕಾ ತಮ್ಮಾ?” ಅಂದುಬಿಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಮಾಡಿದ್ದು ತಪ್ಪಾ? ಇಂಥ ಕಾರ್ಯಕ್ರಮಗಳಿಂದ ನಿಜವಾಗಿ ಉಪಯೋಗ ಇದೆಯಾ? ಮತ್ತೆ ಮಳೆಗಾಲ ಬರುತ್ತಿದೆ. ಏನು ಮಾಡಬೇಕು, ಏನು ಬಿಡಬೇಕು ಹೇಳಿ.

ಉತ್ತರ: ಮೊದಲು ಆ ಹೆಂಗಸಿನ ವಿಷಯ. ನಿಮ್ಮ ನಿದ್ದೆ ಕೆಡಿಸಿದ್ದು ಅದೇ ಇರಬೇಕು.

ನೀರು ನುಗ್ಗಿದ ಮನೆಯಿಂದ ಎದ್ದು ಬಂದವರಿಗೆ ಕಣ್ಣು ಮುಚ್ಚಿದರೆ ಕಾಣುವುದು ನೀರೇ. ಕಣ್ಣು ತೆರೆದಿದ್ದಾಗ ಎದುರಿಗೆ ಶಾಲೆಯ ಗೋಡೆ ಇದೆ, ಪಕ್ಕದ ಮನೆಯವರು ಇದ್ದಾರೆ, ಮಗು ಆಡುತ್ತಿದೆ. ಅದೆಲ್ಲ ‘ಈಗ ಪರವಾಗಿಲ್ಲ’ ಅಂತ ಹೇಳುತ್ತಿರುತ್ತದೆ. ಕಣ್ಣು ಮುಚ್ಚಿಸಿದಿರಿ ಅಂದರೆ ಆ ಆಸರೆ ತೆಗೆದುಬಿಟ್ಟಿರಿ. ಅದರ ಮೇಲೆ ಉಸಿರು ಹಿಡಿಯಲು ಹೇಳಿದಿರಿ. ಉಸಿರು ಹಿಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಏರಿದ ಕೂಡಲೇ ಮಿದುಳು ಉಸಿರು ಕಟ್ಟುತ್ತಿದೆ ಅಂತ ಗಂಟೆ ಬಾರಿಸುತ್ತದೆ. ನಮಗೆ ನಿಮಗೆ ಅದು ಸಣ್ಣ ಕಸಿವಿಸಿ ಅಷ್ಟೆ. ನಾಲ್ಕು ದಿನದ ಹಿಂದೆ ಎದೆಮಟ್ಟ ನೀರಿನಲ್ಲಿ ನಿಂತಿದ್ದವರಿಗೆ ಅದು ಮತ್ತೆ ಮುಳುಗಿದ ಹಾಗೆ. ಅವರು ಎದ್ದು ಓಡಿದ್ದು ಸರಿಯಾಗೇ ಇತ್ತು. ಅವರ ಮೈ ಅವರನ್ನು ಕಾಪಾಡಿತು.

ಬೇಗ ಬೇಗ ಉಸಿರಾಡಿಸುವ ಭಸ್ತ್ರಿಕಾ, ಕಪಾಲಭಾತಿ ಕೂಡ ಅಲ್ಲಿ ಬೇಡ. ಅದರಲ್ಲಿ ಉಲ್ಟಾ ಆಗುತ್ತದೆ. ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ ಅನ್ನುತ್ತದೆ, ಎದೆ ಬಿಗಿಯುತ್ತದೆ. ಹೆದರಿದವರಿಗೆ ಹೃದಯವೇ ನಿಂತುಹೋಗುತ್ತಿದೆ ಅನಿಸಲು ಅಷ್ಟು ಸಾಕು. ಗರ್ಭಿಣಿಯರಿಗೆ, ಫಿಟ್ಸ್ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಅಂತೂ ಬೇಡವೇ ಬೇಡ. ಗುಂಪಿನಲ್ಲಿ ಯಾರಿಗೆ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ?

ಹಾಗೆ ಯಾರಾದರೂ ಏದುಸಿರು ಬಿಡತೊಡಗಿದರೆ ಸುತ್ತ ಗುಂಪು ಕಟ್ಟಬೇಡಿ. ಒಬ್ಬರೇ ಹೋಗಿ, ಹೆಂಗಸಾದರೆ ಹೆಂಗಸೇ ಹೋದರೆ ಒಳ್ಳೆಯದು. ಪಕ್ಕದಲ್ಲಿ ಕೂತುಕೊಳ್ಳಿ. ಕೇಳದೆ ಮೈ ಮುಟ್ಟಬೇಡಿ. “ಇದು ಶಾಲೆ. ಇಲ್ಲಿಗೆ ನೀರು ಬಂದಿಲ್ಲ. ನಾನು ಇಲ್ಲೇ ಇದ್ದೀನಿ” ಅಂತ ಮೆಲ್ಲಗೆ ಹೇಳಿ. ಅಂಗಾಲನ್ನು ನೆಲಕ್ಕೆ ಒತ್ತಲು ಹೇಳಿ. ಎದುರಿಗೆ ಕಾಣುವ ನಾಲ್ಕೈದು ವಸ್ತುಗಳ ಹೆಸರು ಹೇಳಿಸಿ. ಗಂಟೆ, ಕೊಡ, ಮಗ್ಗಿ ಬರೆದ ಗೋಡೆ, ಏನಾದರೂ ಆದೀತು. ಒಂದು ಲೋಟ ನೀರು ಕೈಗೆ ಕೊಡಿ. ಉಸಿರಿನ ಬಗ್ಗೆ ಏನಾದರೂ ಹೇಳಲೇಬೇಕು ಅನಿಸಿದರೆ, ಬಿಸಿ ಗಂಜಿ ಆರಿಸುವ ಹಾಗೆ ಬಾಯಿಂದ ಉದ್ದಕ್ಕೆ ಊದಿ ಅನ್ನಿ. ಒಳಗೆ ಎಳೆಯುವುದು ತಾನಾಗೇ ಆಗುತ್ತದೆ. ಕಣ್ಣು ತೆರೆದೇ ಇರಲಿ, ಉಸಿರು ಹಿಡಿಯುವುದು ಬೇಡ. ಉಸಿರಾಟದ ವಿಷಯದಲ್ಲಿ ಕಾಳಜಿ ಕೇಂದ್ರಕ್ಕೆ ಇಷ್ಟು ವಿದ್ಯೆ ಸಾಕು.

ಇನ್ನು ಅಜ್ಜ ಕೇಳಿದ ಪ್ರಶ್ನೆ. ನನಗೆ ಆ ಅಜ್ಜನ ಮೇಲೆ ಗೌರವ ಬಂತು. ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ಬಾಗಲಕೋಟೆ ಕಡೆಯ ಒಂದು ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಆಗಿನ್ನೂ ಜನರ ಬಾಯಲ್ಲಿ ಅದು ಗಂಜಿ ಕೇಂದ್ರವೇ. ಕಾಳಜಿ ಕೇಂದ್ರ ಅನ್ನುವ ಹೆಸರು ನನಗೆ ಇಷ್ಟ, ಆದರೆ ಹೆಸರಿಗೆ ತಕ್ಕ ಹಾಗೆ ನಡೆಯುವುದು ಬೇರೆ ಮಾತು. ಅಲ್ಲಿ ಮೂರು ಹೊತ್ತೂ ಅನ್ನ ಸಾರು. ಕೊರತೆ ಇರಲಿಲ್ಲ. ಆದರೂ ಹೆಂಗಸರು ಮೂಲೆಯಲ್ಲಿ ಮಾತಿಲ್ಲದೆ ಕೂತಿರುತ್ತಿದ್ದರು. ನಾನೂ ನನ್ನ ಚೀಲದಲ್ಲಿ ಮನಸ್ಸಿನ ಒತ್ತಡದ ಚಿತ್ರಪಟ, ಪ್ರಶ್ನಾವಳಿ ಎಲ್ಲ ಹೊತ್ತುಕೊಂಡೇ ಹೋಗಿದ್ದೆ. ಎರಡನೇ ದಿನ ಒಬ್ಬ ವಯಸ್ಸಾದ ಹೆಂಗಸು ನನ್ನ ಸೀರೆ ಸೆರಗು ಹಿಡಿದು ಹೇಳಿದರು: “ಬಾಯಾರ, ಜ್ವಾಳದ ಹಿಟ್ಟು ಕೊಡಸ್ರಿ. ನಾವs ರೊಟ್ಟಿ ಬಡೀತೀವಿ. ಸುಮ್ನ ಕುಂತ್ರ ತಲಿ ಕೆಡತೈತಿ.”

ಹಿಟ್ಟು ಬಂತು. ಎರಡು ಹಂಚು, ಕಟ್ಟಿಗೆ, ಮೂರು ಕಲ್ಲಿನ ಒಲೆ. ಸಂಜೆ ಹೊತ್ತಿಗೆ ಶಾಲೆಯ ಹಿಂದೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಒಬ್ಬರು ಬಡಿಯುತ್ತಿದ್ದರು, ಒಬ್ಬರು ಬೇಯಿಸುತ್ತಿದ್ದರು, ಒಬ್ಬರು ಸೊಸೆಯಂದಿರನ್ನು ಬೈಯುತ್ತಿದ್ದರು. ಮೂರು ದಿನದಿಂದ ಬಾಯಿ ಬಿಡದವರು ಒಲೆಯ ಮುಂದೆ ಕೂತು, ಎಮ್ಮೆಯ ಹಗ್ಗ ಬಿಚ್ಚಲು ಆಗಲಿಲ್ಲ ಅಂತ ಅತ್ತರು. ಪಕ್ಕದವಳು ಹಿಟ್ಟಿನ ಕೈಯಲ್ಲೇ ಅವರ ಭುಜ ಹಿಡಿದಳು. ನನ್ನ ಪ್ರಶ್ನಾವಳಿ ಚೀಲದಲ್ಲೇ ಉಳಿಯಿತು.

ಇದನ್ನು ಸುಮ್ನೆ ಕಥೆಗೆ ಹೇಳಿದ್ದಲ್ಲ. ವಿಪತ್ತಿನಲ್ಲಿ ಮನಸ್ಸಿನ ಆರೈಕೆ ಹೇಗಿರಬೇಕು ಅಂತ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ದೊಡ್ಡ ಪರಿಹಾರ ಸಂಸ್ಥೆಗಳೆಲ್ಲ ಸೇರಿ 2007ರಲ್ಲಿ ಒಂದು ಮಾರ್ಗಸೂಚಿ ಮಾಡಿದವು. ಅದರಲ್ಲಿ ನಾಲ್ಕು ಮೆಟ್ಟಿಲಿನ ಗೋಪುರದ ಚಿತ್ರ ಇದೆ. ತಳದ ಅಗಲವಾದ ಮೆಟ್ಟಿಲು ಊಟ, ನೀರು, ಸೂರು, ಸುರಕ್ಷತೆ. ಅದೂ ಮರ್ಯಾದೆಯಿಂದ ಸಿಗಬೇಕು. ಎರಡನೆಯದು ಮನೆಯವರು, ನೆರೆಹೊರೆ, ಹಬ್ಬ, ಪೂಜೆ, ಶಾಲೆ, ಕೆಲಸ ಮತ್ತೆ ಒಂದಾಗುವುದು. ಮೂರನೆಯದು ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರ ನೆರವು. ತುದಿಯ ಸಣ್ಣ ಮೆಟ್ಟಿಲು ಮನೋವೈದ್ಯರದ್ದು. ನಿಮ್ಮ ಶಿಬಿರ ಮೂರನೇ ಮೆಟ್ಟಿಲಿನ ಕೆಲಸ. ಜನ ಇನ್ನೂ ಮೊದಲನೆಯದರಲ್ಲಿ ನಿಂತಿದ್ದರು. ಅಜ್ಜ ಹೇಳಿದ್ದು ಇದನ್ನೇ, ಇನ್ನೂ ಚಿಕ್ಕದಾಗಿ.

ನಾಲ್ಕನೇ ದಿನ ಕೇಂದ್ರದಲ್ಲಿ ಇರುವವರ ತಲೆಯಲ್ಲಿ ಏನು ಓಡುತ್ತಿರುತ್ತದೆ? ಪಂಚನಾಮೆಗೆ ಯಾವಾಗ ಬರುತ್ತಾರೆ, ನಾವು ಇಲ್ಲಿದ್ದರೆ ಮನೆ ಹಾನಿ ಬರೆದುಕೊಳ್ಳುವವರಿಗೆ ಯಾರು ತೋರಿಸುತ್ತಾರೆ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ನೆನೆದು ಮುದ್ದೆಯಾಗಿದೆ. ದನ ಎಲ್ಲಿ ಹೋಯಿತೋ. ಹೆಂಗಸರಿಗೆ ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪ ಇಲ್ಲ, ಬಾಗಿಲಿಗೆ ಚಿಲಕ ಇಲ್ಲ, ಅದಕ್ಕೇ ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಮೊಬೈಲ್ ಚಾರ್ಜ್ ಇಲ್ಲ. ಮುಂಬೈಯಲ್ಲಿರುವ ಮಗನಿಗೆ ತಾವು ಬದುಕಿದ್ದೇವೆ ಅಂತ ಹೇಳಲು ಆಗಿಲ್ಲ. ಇದಕ್ಕೆಲ್ಲ ಧ್ಯಾನ ಮದ್ದಲ್ಲ. ನಾಲ್ಕು ಎಕ್ಸ್‌ಟೆನ್ಶನ್ ಬೋರ್ಡ್, ಒಂದು ಬಲ್ಬು, ಒಂದು ಚಿಲಕ, ದಿನಾ ಸಂಜೆ 6ಕ್ಕೆ ಗ್ರಾಮ ಆಡಳಿತಾಧಿಕಾರಿಯಿಂದ (ಹಿಂದಿನ ಗ್ರಾಮ ಲೆಕ್ಕಿಗರು) ಸುದ್ದಿ ಕೇಳಿ ಬಂದು ಎಲ್ಲರಿಗೂ ಜೋರಾಗಿ ಓದಿ ಹೇಳುವ ಒಬ್ಬ ಹುಡುಗ. ನಾನು ಕಂಡ ಮಟ್ಟಿಗೆ ಇದಕ್ಕಿಂತ ದೊಡ್ಡ ಒತ್ತಡ ನಿವಾರಣೆ ಇಲ್ಲ. ಹೊಸದೇನೂ ಇಲ್ಲದ ದಿನ “ಇವತ್ತು ಸುದ್ದಿ ಇಲ್ಲ, ನಾಳೆ ಇದೇ ಹೊತ್ತಿಗೆ ಹೇಳ್ತೀನಿ” ಅಂದರೂ ಸಾಕು. ಜನರಿಗೆ ನಾಳೆ ಅನ್ನುವುದು ಒಂದು ಸಿಗುತ್ತದೆ.

ಹಾಗಂತ ಇದು ತಜ್ಞರಿಗೆ ಬಿಡಬೇಕಾದ ಕೆಲಸ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದೇ ನಿಮ್ಮಂಥವರ ಕೈಯಲ್ಲಿ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಮಕ್ಕಳೇ ಜಾಸ್ತಿ. ಆಗ ನಿಮ್ಹಾನ್ಸ್‌ನವರು ಸತ್ತವರ ಮನೆಯವರ ದುಃಖವನ್ನು ಹತ್ತಿರದಿಂದ ಅಧ್ಯಯನ ಮಾಡಿದರು. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತವಾಯಿತು. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು? ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಮಹಾ ಚಂಡಮಾರುತ ಬಡಿದಾಗ ಈ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊರಿನ ಹುಡುಗ ಹುಡುಗಿಯರನ್ನೇ ತಯಾರು ಮಾಡಿ ಮನೆ ಮನೆಗೆ ಕಳಿಸಿದರು. ಅವರಿಗೆ ಇಟ್ಟ ಹೆಸರು ಸ್ನೇಹಕರ್ಮಿ. ಆಪ್ತ ಸಮಾಲೋಚಕ ಅನ್ನುವುದಕ್ಕಿಂತ ನನಗೆ ಈ ಹೆಸರೇ ಇಷ್ಟ. ಸ್ನೇಹಕರ್ಮಿ ಹೋಗಿ ಮನೆಯ ತಡಿಕೆ ಕಟ್ಟಲು ಕೈ ಹಾಕುತ್ತಾನೆ, ಅರ್ಜಿ ತುಂಬಿ ಕೊಡುತ್ತಾನೆ, ಮಾತು ಬಂದರೆ ಕೇಳುತ್ತಾನೆ.

ಮಾತು ಬಂದರೆ ಅಂದೆ, ಮಾತು ಬರಿಸಿ ಅನ್ನಲಿಲ್ಲ. ಒಂದು ಕಾಲಕ್ಕೆ ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ, ಏನಾಯಿತು, ಏನನಿಸಿತು ಅಂತ ಬಿಡಿಸಿ ಬಿಡಿಸಿ ಹೇಳಿಸುವ ಪದ್ಧತಿ ಜಗತ್ತಿನಾದ್ಯಂತ ಓಡಿತು. ಒಳಗಿದ್ದದ್ದು ಹೊರಗೆ ಬಂದರೆ ಮನಸ್ಸು ಹಗುರ ಅನ್ನುವ ಲೆಕ್ಕ. ಕೇಳಲು ಸರಿ ಅನಿಸುತ್ತದೆ. ಆದರೆ 1997ರಲ್ಲಿ ಬ್ರಿಟನ್‌ನಲ್ಲಿ ಸುಟ್ಟ ಗಾಯವಾದವರ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಹಾಗೆ ಕೂರಿಸಿ ಮಾತಾಡಿಸಿದವರಲ್ಲಿ 13 ತಿಂಗಳ ನಂತರ ನೂರಕ್ಕೆ 26 ಜನರಿಗೆ ಆಘಾತದ ಕಾಯಿಲೆ ಉಳಿದಿತ್ತು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 9. ಮಾತಾಡಿಸಿದ ಗುಂಪಿನವರ ಗಾಯ ಮೊದಲೇ ಸ್ವಲ್ಪ ಜಾಸ್ತಿ ಇತ್ತು ಅನ್ನುವುದೂ ನಿಜ, ಹಾಗಾಗಿ ಇದೊಂದನ್ನೇ ಹಿಡಿದು ವಾದ ಮಾಡುವುದಿಲ್ಲ. ಆಮೇಲೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗಲೂ ಲಾಭ ಕಾಣಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಇದು ಬೇಡ ಅನ್ನುತ್ತದೆ. ಅದರ ಬದಲು 2011ರಲ್ಲಿ ಹೊರತಂದ ಕೈಪಿಡಿಯಲ್ಲಿ ಮೂರೇ ಕೆಲಸ ಹೇಳಿದ್ದಾರೆ: ನೋಡು, ಕೇಳು, ಜೋಡಿಸು. ಯಾರಿಗೆ ಏನು ಬೇಕು ನೋಡು. ಹೇಳಿದ್ದನ್ನು ಕೇಳು. ಬೇಕಾದ ನೆರವಿಗೂ ಅವರ ಜನಕ್ಕೂ ಜೋಡಿಸು. ಟಿವಿಯವರು ಮೈಕ್ ಹಿಡಿದು “ನಿಮಗೆ ಆಗ ಏನನಿಸಿತು” ಅಂತ ಕೇಳುವುದನ್ನು ನೋಡಿದಾಗೆಲ್ಲ ನನಗೆ ಆ 26 ನೆನಪಾಗುತ್ತದೆ.

ಉಸಿರಾಟ, ಯೋಗ ಪೂರ್ತಿ ವ್ಯರ್ಥವಾ? ಅಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ನಿರಾಶ್ರಿತರ ಶಿಬಿರಗಳಲ್ಲಿ 183 ಜನರೊಂದಿಗೆ ಉಸಿರಾಟದ ಒಂದು ಕಾರ್ಯಕ್ರಮ ಮಾಡಿ ನೋಡಿದರು. ಆರು ವಾರದಲ್ಲಿ, ಕಾರ್ಯಕ್ರಮ ಸಿಗದೆ ಇನ್ನೂ ಕಾಯುತ್ತಿದ್ದ ಗುಂಪಿಗಿಂತ ಇವರ ಭಯ, ಖಿನ್ನತೆ ಚೆನ್ನಾಗಿ ಇಳಿದಿತ್ತು. ಆದರೆ ಗಮನಿಸಿ. ಅದು ನಡೆದದ್ದು ಸುನಾಮಿಯಾಗಿ ಎಂಟು ತಿಂಗಳ ಮೇಲೆ, ತರಬೇತಿ ಪಡೆದವರಿಂದ, ನಾಲ್ಕು ದಿನ. ಯಾವ ಶಿಬಿರಕ್ಕೆ ಯಾವುದು ಅಂತ ಚೀಟಿ ಎತ್ತಿ ಹಂಚಿದ್ದಲ್ಲ, ಹಾಗಾಗಿ ಪುರಾವೆ ಅಷ್ಟು ಗಟ್ಟಿಯಲ್ಲ. 2008ರ ಬಿಹಾರದ ನೆರೆಯ ನಂತರ ನಡೆದ ಒಂದು ಅಧ್ಯಯನ ಚೀಟಿ ಎತ್ತಿಯೇ ಮಾಡಿದ್ದು, ಆದರೆ ಅದರಲ್ಲಿದ್ದವರು ಬರೀ 22 ಜನ. ನೆರೆಯಾಗಿ ಒಂದು ತಿಂಗಳಿಗೆ, ಒಂದು ವಾರ ಯೋಗ. ಯೋಗ ಮಾಡಿದವರಲ್ಲಿ ದುಃಖ ಕಡಿಮೆಯಾಯಿತು, ಮಾಡದವರಲ್ಲಿ ಆತಂಕ ಏರಿತು. ಒಟ್ಟಿನಲ್ಲಿ ನನ್ನ ಅಭಿಪ್ರಾಯ ಕೇಳಿದರೆ ಇದು ಊಟದ ಜೊತೆಯ ಉಪ್ಪಿನಕಾಯಿ. ಎಲೆಯ ತುದಿಯಲ್ಲಿ ಇರಲಿ. ಜನ ಮನೆಗೆ ಮರಳಿದ ಮೇಲೆ, ಬೇಕು ಅಂದವರಿಗೆ, ಗೊತ್ತಿದ್ದವರಿಂದ.

ಈಗ ಮೇಷ್ಟ್ರ ಭಾಷಣಕ್ಕೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಶಿಬಿರದಲ್ಲಿ ನನಗೆ ಉಸಿರಾಟಕ್ಕಿಂತ ಜಾಸ್ತಿ ಚುಚ್ಚಿದ್ದು ಇದೇ. ಎಲ್ಲ ಕಳೆದುಕೊಂಡವರಿಗೆ ತಾಳ್ಮೆ ಕಲಿಸಲು ಹೋದರೆ, ತಾಳ್ಮೆ ಇಲ್ಲದ್ದೇ ನಿಮ್ಮ ಕಷ್ಟ ಅಂದ ಹಾಗೆ ಕೇಳಿಸುತ್ತದೆ. ಮೌಲ್ಯ ಅನ್ನುವುದು ಕೇಂದ್ರದಲ್ಲಿ ನಮ್ಮ ನಡವಳಿಕೆಯಲ್ಲಿ ಕಾಣಬೇಕು. ಹಂಚುವಾಗ ಸರದಿಯಲ್ಲಿ ಯಾವ ಕೇರಿಯವರು ಕೊನೆಗೆ ನಿಲ್ಲುತ್ತಿದ್ದಾರೆ? ನೀರಿನ ಕೊಡ ಯಾರಿಗೆ ಬೇರೆ ಇಟ್ಟಿದ್ದಾರೆ? ಒಂದು ಕಂಬಳಿ ಕೊಟ್ಟು ಐದು ಜನ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದಾರಾ? ಹಳೇ ಬಟ್ಟೆ ಅಂತ ಹರಿದ ಒಳ ಉಡುಪು ಕಳಿಸಿದ್ದಾರಾ? ನಾನು ಒಂದು ಕಡೆ ಲಾರಿಯಿಂದ ಬಟ್ಟೆಯ ಗಂಟನ್ನು ಕೆಸರಿಗೆ ಎಸೆದದ್ದನ್ನು ನೋಡಿದ್ದೇನೆ. ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಆಮೇಲೆ ಇಬ್ಬರು ಹುಡುಗಿಯರು ಅವನ್ನು ಒಗೆದು, ಅಳತೆ ಪ್ರಕಾರ ಬೆಂಚಿನ ಮೇಲೆ ಮಡಿಸಿಟ್ಟು, ‘ಬೇಕಾದ್ದು ನೋಡಿ ತಗೊಳ್ಳಿ’ ಅಂತ ಬರೆದು ಹೋದರು. ಮಧ್ಯಾಹ್ನಕ್ಕೆ ಬೆಂಚು ಖಾಲಿ.

ಮೌಲ್ಯದ ಮಾತು ಕೆಲಸಕ್ಕೆ ಬರುವ ಇನ್ನೊಂದು ರೀತಿ ಇದೆ. ಉಗಾಂಡದ ರೈನೋ ಶಿಬಿರದಲ್ಲಿ ದಕ್ಷಿಣ ಸುಡಾನಿನ 694 ನಿರಾಶ್ರಿತ ಹೆಂಗಸರೊಂದಿಗೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಐದು ಸಲ, ಸಲಕ್ಕೆ ಎರಡು ಗಂಟೆ. ತಜ್ಞರು ಇರಲಿಲ್ಲ. ಧ್ವನಿಮುದ್ರಣ ಹಾಕುವುದು, ಚಿತ್ರದ ಪುಸ್ತಕ ತೋರಿಸುವುದು, ಸ್ವಲ್ಪ ತರಬೇತಿ ಪಡೆದ ಸಾಮಾನ್ಯ ಹೆಂಗಸರೇ ನಡೆಸುವುದು. ಮೂರು ತಿಂಗಳ ಮೇಲೂ ಅವರ ಸಂಕಟ ಬೇರೆಯವರಿಗಿಂತ ಕಡಿಮೆ ಇತ್ತು. ಅದರಲ್ಲಿ ಕಲಿಸುವ ಒಂದು ವಿಷಯ ನಮ್ಮ ಮೌಲ್ಯದ ಹಾಗೆ ನಡೆಯುವುದು. ಅಲ್ಲಿ ಮೌಲ್ಯ ಯಾವುದು ಅಂತ ಹೇಳಿಕೊಡುವವರು ಯಾರೂ ಇಲ್ಲ. ಇಷ್ಟೆಲ್ಲ ಆದ ಮೇಲೂ ನೀನು ಯಾವ ಥರದ ತಾಯಿ, ಯಾವ ಥರದ ನೆರೆಯವಳು ಆಗಿರಬೇಕು ಅಂದುಕೊಂಡಿದ್ದೀಯ, ಅದಕ್ಕೆ ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಏನು ಅಂತ ಕೇಳುತ್ತಾರೆ. ರೊಟ್ಟಿ ಬಡಿದ ಆ ಅಮ್ಮ ಯಾರೂ ಕೇಳದೆಯೇ ಉತ್ತರ ಕೊಟ್ಟಿದ್ದರು. ಮೇಷ್ಟ್ರಿಗೆ ಹೇಳಿ, ಈ ಸಲ ಭಾಷಣ ಬಿಟ್ಟು ಮಕ್ಕಳಿಗೆ ದಿನಾ ಎರಡು ಗಂಟೆ ಪಾಠ ಹೇಳಲಿ. ಪುಸ್ತಕ ಕೊಚ್ಚಿಹೋದ ಹತ್ತನೇ ಕ್ಲಾಸಿನವರಿಗೆ ಅದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ. ಮೇಷ್ಟ್ರಿಗೂ ಖುಷಿ.

ಎರಡು ವಿಷಯ ಮಾತ್ರ ಬರೆದಿಟ್ಟುಕೊಳ್ಳಿ. ಯಾವ ಶಿಬಿರದ ಪಟ್ಟಿಯಲ್ಲೂ ಇವು ಇರುವುದಿಲ್ಲ. ಕೇಂದ್ರ ತೆರೆದ ಮೊದಲ ದಿನವೇ ಮನೆಮನೆಯವರನ್ನು ಮೆಲ್ಲಗೆ ಕೇಳಿ, ದಿನಾ ತಗೊಳ್ಳುವ ಮಾತ್ರೆ ಯಾರದಾದರೂ ನೀರಲ್ಲಿ ಹೋಯಿತಾ ಅಂತ. ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ, ಸಕ್ಕರೆ, ಬಿಪಿ. ಫಿಟ್ಸ್ ಮಾತ್ರೆ ಎರಡು ದಿನ ತಪ್ಪಿದರೂ ಕಷ್ಟ. ಚೀಟಿ ಕಳೆದುಹೋಗಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ, ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ಆಗುತ್ತದೆ. ಎರಡನೆಯದು, ದಿನಾ ಕುಡಿಯುವ ಗಂಡಸರು. ಕೇಂದ್ರದಲ್ಲಿ ಏಕಾಏಕಿ ಸಿಗದೆ ಹೋದಾಗ ಮಾರನೇ ದಿನವೇ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಜಾಗ ಗುರುತು ಸಿಗದೆ ಒದ್ದಾಡಬಹುದು. ಜನ ಇದನ್ನು ನೆರೆಯ ಹೆದರಿಕೆ ಅಂತಾರೆ, ಗಾಳಿ ಸೋಕಿದೆ ಅಂತಾರೆ. ಇದು ಜೀವಕ್ಕೆ ಅಪಾಯ. ಬುದ್ಧಿ ಹೇಳುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಉಳಿದವರಲ್ಲಿ ಬಹುಪಾಲು ಜನ ವಾರಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಮೊದಮೊದಲು ನಿದ್ದೆ ಬರದಿರುವುದು, ಸದ್ದಿಗೆ ಬೆಚ್ಚುವುದು, ಸಿಡುಕುವುದು ಕಾಯಿಲೆಯಲ್ಲ. ತಿಂಗಳು ಕಳೆದರೂ ಹಾಗೇ ಇದ್ದರೆ, ಊಟ ಬಿಟ್ಟರೆ, ಮಗುವನ್ನೂ ನೋಡಿಕೊಳ್ಳಲು ಆಗದಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಸಾಯುವ ಮಾತಿಗಂತೂ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಲೂ ಬೇಡಿ. ಟೆಲಿಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ.

ಹೆಣ ಸಿಗದ ಮನೆಗಳ ಲೆಕ್ಕ ಬೇರೆ. ನಿಮ್ಮ ಜಿಲ್ಲೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು, ಗಂಗಾವಳಿ ಹೊಳೆಯಲ್ಲಿ ಮುಳುಗಿದ ಲಾರಿ, ಅದರೊಳಗೆ ಚಾಲಕನ ಹೆಣ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅಂಥ ಮನೆಯವರಿಗೆ “ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಮುಂದಿನ ಕಾರ್ಯ ಮಾಡಿ” ಅನ್ನಬೇಡಿ. ಇನ್ನೂ ಬರಬಹುದು ಅಂತಲೂ ಅನ್ನಬೇಡಿ. ಅವರು ಕಾಯುವಷ್ಟು ದಿನ ಜೊತೆಯಲ್ಲಿ ಕೂತು ಕಾಯುವವರು ಬೇಕು, ಅಷ್ಟೆ.

ನಿಮ್ಮ ಮಂಡಲದವರು ಮಳೆಗಾಲಕ್ಕೆ ಮುಂಚೆ ಮಾಡಬಹುದಾದ್ದು ಇನ್ನೂ ಇದೆ. ಎಲ್ಲರ ದಾಖಲೆಗಳ ಫೋಟೊ ತೆಗೆದು ಅವರವರ ಫೋನಿಗೇ ಹಾಕಿಕೊಡಿ, ಮೂಲಪ್ರತಿ ಇಡಲು ಪ್ಲಾಸ್ಟಿಕ್ ಕವರ್ ಹಂಚಿ. ಹೋದ ವರ್ಷ ನೆರೆ ನೋಡಿದವರಲ್ಲಿ ಕೆಲವರಿಗೆ ಜೂನ್‌ನಲ್ಲಿ ಶೀಟಿನ ಮೇಲೆ ಮಳೆಯ ಸದ್ದು ಜೋರಾದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಆ ರಾತ್ರಿ ಹೊಳೆಯ ಮಟ್ಟ ನೋಡಿ ಬಂದು ವಾಟ್ಸಾಪ್‌ನಲ್ಲಿ ಹಾಕುವ ಪಾಳಿ ಹಚ್ಚಿಕೊಳ್ಳಿ. ಪಾಳಿ ಅಂದೆ, ಯಾಕೆಂದರೆ ನಿಮಗೂ ನಿದ್ದೆ ಬೇಕು. ಕಳೆದ ಸಲ ನೀವು ಎಷ್ಟು ರಾತ್ರಿ ಮಲಗಿರಲಿಲ್ಲ ಅಂತ ಪತ್ರದಲ್ಲಿ ಬರೆದಿಲ್ಲ, ಆದರೆ ಊಹಿಸಬಲ್ಲೆ.

ಮತ್ತೆ ಆ ಹೆಂಗಸಿನ ಮನೆಗೆ ಒಮ್ಮೆ ಹೋಗಿ ಬನ್ನಿ. ಅವತ್ತಿನ ವಿಷಯ ನೀವಾಗಿ ಎತ್ತಬೇಡಿ. ಗೋಡೆ ಪೂರ್ತಿ ಒಣಗಿತಾ, ಪರಿಹಾರದ ಎರಡನೇ ಕಂತು ಬಂತಾ ಕೇಳಿ. ಬಂದಿಲ್ಲ ಅಂದರೆ ಪಂಚಾಯ್ತಿಗೆ ಒಂದು ಅರ್ಜಿ ಬರೆದು ಕೊಡಿ. ಚಾ ಕೊಟ್ಟರೆ ಕುಡಿದು ಬನ್ನಿ, ಬೇಡ ಅನ್ನಬೇಡಿ.